ಮುಟ್ಟು ಏರುಪೇರಾದರೆ ಮಕ್ಕಳಾಗೋದಿಲ್ವಾ?

"ಅಕ್ಕಾರ, ನನ್ನ ಡೇಟ್ ಸರಿಯಾಗಿ ಬರಂಗಿಲ್ರಿ. ನನಗ ಮಕ್ಕಳಾಗ್ತಾವೋ ಇಲ್ಲೋ?"

ನಾನು ಹುಬ್ಬಳ್ಳಿಯಲ್ಲಿ ನರ್ಸ್. ಕುಂದಗೋಳ, ಶಿಗ್ಗಾವಿ, ಮುಂಡರಗಿ ಕಡೆಯಿಂದ ಬರುವ ಹೆಣ್ಣುಮಕ್ಕಳು ಇದನ್ನು ಕೇಳುತ್ತಲೇ ಇರುತ್ತಾರೆ. ಅದೂ ಜೊತೆಗೆ ಬಂದ ಅತ್ತೆ ಚೀಟಿ ಮಾಡಿಸಲು ಎದ್ದು ಹೋದ ಮೇಲೆ, ಮೆಲ್ಲಗೆ.

ಆಗ್ತಾವೆ. ಹೆಚ್ಚಿನವರಿಗೆ ಆಗುತ್ತವೆ, ಕೆಲವರಿಗೆ ಚಿಕಿತ್ಸೆ ಬೇಕಾಗುತ್ತದೆ ಅಷ್ಟೆ.

ಮೊದಲು ನಿಮ್ಮ ಮುಟ್ಟು ನಿಜವಾಗಿ ಏರುಪೇರಾಗಿದೆಯಾ ನೋಡಿ. ಎಲ್ಲರಿಗೂ 28 ದಿನಕ್ಕೇ ಆಗಬೇಕೆಂದಿಲ್ಲ. 21ರಿಂದ 35 ದಿನದೊಳಗೆ ಆದರೆ ಸರಿ. ಒಂದು ತಿಂಗಳು 27, ಇನ್ನೊಂದು ತಿಂಗಳು 31 ಆದರೆ ಹೆದರಬೇಡಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಮುಟ್ಟಾದ ಮೊದಲ ದಿನಕ್ಕೊಂದು ಗುರುತು ಹಾಕಿ.

ಅಂಡಾಣು ಹೊರಬಂದ ಸುಮಾರು 14 ದಿನಕ್ಕೆ ಮುಟ್ಟು ಬರುತ್ತದೆ. ಹಾಗಾಗಿ 40 ದಿನಕ್ಕೆ ಮುಟ್ಟಾಗುವವರಿಗೆ ಅದು ಹೊರಬರುವುದು 26ನೇ ದಿನದ ಹೊತ್ತಿಗೆ. ಮೊಬೈಲ್ ಆ್ಯಪ್ ತೋರಿಸುವ ದಿನ ನಂಬಿ ಕೂತರೆ ಇಂಥವರಿಗೆ ಲೆಕ್ಕ ತಪ್ಪುತ್ತದೆ. ಅಂಡಾಣು ಒಂದು ದಿನವಷ್ಟೇ ಬದುಕುತ್ತದೆ, ವೀರ್ಯಾಣು ಐದು ದಿನದವರೆಗೂ ಇರಬಲ್ಲದು. ದಿನ ಎಣಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ ಗಂಡ ಹೆಂಡತಿ ಕೂಡಿದರೆ ಸಾಕು.

ಎರಡು ಮೂರು ತಿಂಗಳು ಮುಟ್ಟೇ ಆಗದವರಲ್ಲಿ ಬಹಳಷ್ಟು ಸಲ ಅಂಡಾಣುವೇ ಹೊರಬಂದಿರುವುದಿಲ್ಲ. ಇಲ್ಲಿ ನನಗೆ ಹೊಟ್ಟೆ ಉರಿಯುವ ಸಂಗತಿ ಒಂದಿದೆ. ಮೆಡಿಕಲ್ ಶಾಪಿನಿಂದ ಮುಟ್ಟು ಬರಿಸುವ ಗುಳಿಗೆ ತಂದು ನುಂಗುತ್ತಾರೆ. ಗುಳಿಗೆ ನಿಲ್ಲಿಸಿದ ಕೆಲವೇ ದಿನಕ್ಕೆ ರಕ್ತ ಹೋಗುತ್ತದೆ, "ಈಗ ಸರಿ ಆತು" ಅಂದುಕೊಳ್ಳುತ್ತಾರೆ. ಅದು ಹಾರ್ಮೋನ್ ಇಳಿದಿದ್ದಕ್ಕೆ ಹೋದ ರಕ್ತ. ಅಂಡಾಣು ಹೊರಬಂತು ಎಂದು ಅರ್ಥವಲ್ಲ. ಹೀಗೇ ವರ್ಷಗಟ್ಟಲೆ ಕಳೆದವರಿದ್ದಾರೆ. ಮೇಲಾಗಿ, ಮುಟ್ಟು ನಿಂತಾಗ ಮೊದಲು ಮಾಡಬೇಕಾದ್ದು ಮೂತ್ರದಲ್ಲಿ ಗರ್ಭದ ಟೆಸ್ಟ್. ಗರ್ಭ ನಿಂತಿದ್ದರೂ ಗೊತ್ತಿಲ್ಲದೆ ಆ ಗುಳಿಗೆ ನುಂಗಬಾರದಲ್ವಾ?

ಕಾರಣ ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಹೊರಬರದ ತೊಂದರೆ, ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳಾಗುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಜನಕ್ಕೆ ಇದು ಇರುತ್ತದೆ. ಥೈರಾಯ್ಡ್ ಇರಬಹುದು, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಿರಬಹುದು. ರಕ್ತ ಪರೀಕ್ಷೆ, ಸ್ಕ್ಯಾನಿಂಗಿನಲ್ಲಿ ಬಹುಪಾಲು ತಿಳಿಯುತ್ತದೆ. ಪಿಸಿಓಎಸ್ ಜೊತೆ ತೂಕವೂ ಜಾಸ್ತಿ ಇದ್ದರೆ 5ರಿಂದ 10 ಶೇಕಡಾ ಇಳಿಸಿದರೂ ಕೆಲವರಿಗೆ ಮುಟ್ಟು ಹಾದಿಗೆ ಬರುತ್ತದೆ. ಅಂಡಾಣು ಹೊರಬರಲು ಲೆಟ್ರೋಜೋಲ್‌ನಂಥ ಗುಳಿಗೆ ಇವೆ, ಆದರೆ ಅವನ್ನು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತಗೊಳ್ಳಿ.

ಮದುವೆಯಾಗಿ ಒಂದು ವರ್ಷ ಕಾಯಿರಿ ಅನ್ನುವ ಮಾತು ಮುಟ್ಟು ಸರಿಯಿದ್ದವರಿಗೆ. ನೀವು ಈಗಲೇ ಬನ್ನಿ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿ-ಆರ್‌ಐ), ಗದಗಿನ ಜಿಮ್ಸ್ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗ ಇದೆ. ಡೇಟ್ ಬರೆದ ಹಾಳೆ ತನ್ನಿ, ಹಳೇ ರಿಪೋರ್ಟ್ ತನ್ನಿ. ಗಂಡನನ್ನೂ ಕರೆದುಕೊಂಡೇ ಬನ್ನಿ, ಅವರ ವೀರ್ಯ ಪರೀಕ್ಷೆಯೂ ಶುರುವಿನಲ್ಲೇ ಆಗಬೇಕು.