ಒಂದು ಪ್ಲೇಗೂ ಇನ್ನೊಂದಕ್ಕೂ ನಡುವೆ 14 ಸೆಕೆಂಡು

2022ರ ಸೆಪ್ಟೆಂಬರ್. ಗುರುವಾರ ಸಂಜೆ ಆರೂವರೆ. ಮಗನ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಕೋಲು ಹಿಡಿದು ನಿಂತಿದ್ದೆ. ಡಲ್ಲಾಸ್‌ನಿಂದ ಉತ್ತರಕ್ಕೆ ಅರ್ಧ ಗಂಟೆ ದಾರಿ ನಮ್ಮ ಊರು. ಆ ಹೊತ್ತಿಗೂ 35 ಡಿಗ್ರಿ ಬಿಸಿಲು, ಪ್ಲಾಸ್ಟಿಕ್ ಹುಲ್ಲಿನಿಂದ ಮೇಲೇಳುವ ಝಳ ಬೇರೆ.

ಟೆಕ್ಸಸ್‌ನಲ್ಲಿ ಶುಕ್ರವಾರ ರಾತ್ರಿ ದೊಡ್ಡ ಹುಡುಗರ ಪಂದ್ಯ, ಊರಿಗೆ ಊರೇ ಬಂದು ಕೂರುತ್ತದೆ. ಹಿಂದಿನ ದಿನ ಚಿಕ್ಕವರದ್ದು, ಅಂದರೆ ಜೂನಿಯರ್ ವಾರ್ಸಿಟಿ. ಇದಕ್ಕೆ ಬರುವವರು ಅಪ್ಪ ಅಮ್ಮಂದಿರು, ಅಷ್ಟೆ. ಹಾಗಾಗಿ ಚೈನ್ ಹಿಡಿಯುವ ಕೆಲಸವೂ ಅಪ್ಪಂದಿರ ಪಾಲಿಗೆ ಬರುತ್ತದೆ. 10 ಗಜದ ಚೈನಿನ ಎರಡು ತುದಿಗೆ ಇಬ್ಬರು. ಈಗ ಎಷ್ಟನೇ ಡೌನ್ ಅಂತ ತೋರಿಸುವ ಕೋಲಿಗೆ ಒಬ್ಬ. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ (ಒಂದೊಂದೂ ಒಂದು ಡೌನ್), ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಆ ಡೌನ್ ಕೋಲು ಆವತ್ತು ನನ್ನ ಕೈಲಿತ್ತು.

ಚೈನ್ ಹಿಡಿದವರಿಗೆ ಒಂದು ಕಟ್ಟುನಿಟ್ಟು ಇದೆ. ಯಾವ ತಂಡದ ಪರವಾಗಿಯೂ ಕೂಗುವ ಹಾಗಿಲ್ಲ. ಅಲ್ಲದೆ ಆವತ್ತು ನಾವು ನಿಂತದ್ದು ಎದುರಾಳಿಗಳ ಬದಿಯಲ್ಲಿ, ಅವರ ಬೆಂಚಿನ ಮುಂದೆಯೇ. ನನ್ನ ಮಗ ಡಿಫೆನ್ಸ್‌ನಲ್ಲಿ, ಅಂದರೆ ಚೆಂಡು ಎದುರಾಳಿಗಳ ಕೈಲಿದ್ದಾಗ ತಡೆಯಲು ಇಳಿಯುವ ಗುಂಪಿನಲ್ಲಿ, ನೋಸ್ ಟ್ಯಾಕಲ್, ಚೆಂಡಿನ ಮುಂದೆ ನೇರ ಎದುರಿಗೆ ಬಗ್ಗಿ ನಿಲ್ಲುವವನು. ಹದಿನೈದು ವರ್ಷ, 98 ಕಿಲೋ. ಅವನ ಅಮ್ಮ ಆಚೆ ಬದಿಯ ಮೆಟ್ಟಿಲಲ್ಲಿ ಕೂತು ಕೂಗುತ್ತಿದ್ದಳು. ನಾನು ಈಚೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಈ ಆಟದಲ್ಲಿ ಒಂದು ಪ್ಲೇ ಅಂದರೆ ಐದಾರು ಸೆಕೆಂಡಿನ ಗುದ್ದಾಟ. ಅದು ಮುಗಿದ ಮೇಲೆ ಗುಂಪುಗೂಡಿ ಮಾತಾಡಿಕೊಂಡು, ಮತ್ತೆ ಬಂದು ಸಾಲಾಗಿ ನಿಲ್ಲುತ್ತಾರೆ. ಕಾಲೇಜಿನಲ್ಲೂ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲೂ ಅದಕ್ಕೆ 40 ಸೆಕೆಂಡು ಇದೆ. ದಪ್ಪ ಹುಡುಗರು ಬದುಕುವುದು ಆ ಬಿಡುವಿನಲ್ಲೇ. ಉಸಿರು ತಗೊಳ್ಳುತ್ತಾರೆ, ಬೆಲ್ಟ್ ಸರಿ ಮಾಡಿಕೊಳ್ಳುತ್ತಾರೆ, ಪಕ್ಕದವನಿಗೆ ಒಂದು ಮಾತು ಹೇಳುತ್ತಾರೆ.

ಎದುರಾಳಿಗಳು ಆ ಬಿಡುವನ್ನೇ ಕಿತ್ತುಕೊಂಡರು.

ಮೊದಲ ಪ್ಲೇ ಮುಗಿದು ನಾನು ಕೋಲು ಹೊತ್ತು ಆರು ಗಜ ಮುಂದೆ ಓಡಿ ನಿಂತು ನಂಬರ್ ತಿರುಗಿಸುವಷ್ಟರಲ್ಲಿ ಎರಡನೆಯದು ಶುರುವಾಗಿತ್ತು. ಗುಂಪುಗೂಡುವುದೇ ಇಲ್ಲ. ನನ್ನ ಬೆನ್ನ ಹಿಂದೆ ಅವರ ಕೋಚ್ "ಟೆಂಪೋ! ಟೆಂಪೋ!" ಅಂತ ಕೂಗುತ್ತಿದ್ದರು. ಪಕ್ಕದಲ್ಲಿ ಇಬ್ಬರು ಹುಡುಗರು ಮುಂದಿನ ಪ್ಲೇ ಯಾವುದು ಅಂತ ಗುಟ್ಟಾಗಿ ತಿಳಿಸುವ ದೊಡ್ಡ ಬೋರ್ಡುಗಳನ್ನು ಎತ್ತಿ ಹಿಡಿಯುತ್ತಿದ್ದರು. ಒಂದರಲ್ಲಿ ಪಿಜ್ಜಾ, ಒಂದರಲ್ಲಿ ಹಸಿರು ಟ್ರಕ್ಕು, ಒಂದರಲ್ಲಿ ನಾಯಿ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಒಂದು ಸಲ ಕಣ್ಣು ಹಾಯಿಸುತ್ತಿದ್ದ, ಚೆಂಡು ಹೊರಟುಬಿಡುತ್ತಿತ್ತು. ಕೈಗಡಿಯಾರದಲ್ಲಿ ಎಣಿಸಿದೆ. ಒಂದು ಪ್ಲೇ ಮುಗಿದು ಇನ್ನೊಂದು ಶುರುವಾಗಲು 14 ಸೆಕೆಂಡು. ಆಮೇಲೆ 13. ಮತ್ತೆ 14.

ಇಂಥ ಬೋರ್ಡುಗಳನ್ನು ಮೊದಲು ನೋಡಿದ್ದು ಟಿವಿಯಲ್ಲಿ, ಚಿಪ್ ಕೆಲ್ಲಿ ಕೋಚ್ ಆಗಿದ್ದಾಗಿನ ಒರೆಗಾನ್ ವಿಶ್ವವಿದ್ಯಾಲಯದ ತಂಡದಲ್ಲಿ. 2009ರಿಂದ 2012ರವರೆಗೆ ಅವರು 46 ಗೆದ್ದು 7 ಸೋತರು. ಸೋಫಾದಲ್ಲಿ ಕೂತು ಅದನ್ನು ನೋಡುವುದು ಎಷ್ಟು ಚಂದ ಅನ್ನಿಸಿತ್ತು!

ಐದನೇ ಪ್ಲೇ ಹೊತ್ತಿಗೆ ಮಗ ಎರಡೂ ಕೈ ಮಂಡಿ ಮೇಲಿಟ್ಟು ನಿಂತ. ಮೌತ್‌ಗಾರ್ಡ್ ಬಾಯಿಂದ ಹೊರಗೆ ಜೋತಾಡುತ್ತಿತ್ತು. ಬೆವರಿಗೆ ಮೈದಾನದ ಕಪ್ಪು ರಬ್ಬರ್ ಕಾಳುಗಳು ಮುಂಗೈ ತುಂಬ ಅಂಟಿಕೊಂಡಿದ್ದವು. ನನ್ನಿಂದ ಹದಿನೈದು ಗಜ ದೂರ, ಅಷ್ಟೆ. ಉಸಿರಿನ ಸದ್ದು ಕೇಳಿಸುತ್ತಿತ್ತು.

ಅವನನ್ನು ಹೊರಗೆ ಕರೆಸಿ ಬೇರೆಯವನನ್ನು ಕಳಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಚೆಂಡು ಇರುವ ತಂಡ ಆಟಗಾರರನ್ನು ಬದಲಾಯಿಸಿದರೆ ಮಾತ್ರ ಡಿಫೆನ್ಸ್‌ಗೂ ಬದಲಾಯಿಸಲು ಸಮಯ ಕೊಡಬೇಕು, ಅದು ನಿಯಮ. ಅವರು ಬದಲಾಯಿಸದಿದ್ದರೆ ಯಾರೂ ಕಾಯುವುದಿಲ್ಲ. ಅವರು ಅದೇ ಹನ್ನೊಂದು ಜನರನ್ನು ಇಟ್ಟುಕೊಂಡೇ ಆಡುತ್ತಿದ್ದರು. ಆಚೆ ಬದಿಯಲ್ಲಿ ನಮ್ಮ ಬದಲಿ ಹುಡುಗ ಹೆಲ್ಮೆಟ್ ಹಾಕಿಕೊಂಡು ಮೂರು ಹೆಜ್ಜೆ ಒಳಗೆ ಬಂದ. ಕೋಚ್ ಅವನ ಜೆರ್ಸಿ ಹಿಡಿದು ಹಿಂದಕ್ಕೆ ಎಳೆದರು. ಮತ್ತೆ ಬಂದ, ಮತ್ತೆ ಎಳೆದರು. ಚೆಂಡು ಹೊರಡುವಾಗ ಹನ್ನೆರಡು ಜನ ಒಳಗಿದ್ದರೆ ಐದು ಗಜ ದಂಡ. ನನ್ನ ಮಗ ಬೆಂಚಿನ ಕಡೆ ಒಂದು ಸಲ ನೋಡಿದ. ಆಮೇಲೆ ನೋಡುವುದನ್ನೂ ಬಿಟ್ಟ.

ನಾನು ಅಂದುಕೊಂಡಿದ್ದು ವೇಗದ ಆಟ ಅಂದರೆ ಓಡಿಸಿ ಓಡಿಸಿ ಸುಸ್ತು ಮಾಡುವುದು ಅಂತ. ಆವತ್ತು ಹತ್ತಿರದಿಂದ ಕಂಡದ್ದು ಬೇರೆ. ಕಾಲಿಗಿಂತ ಮೊದಲು ತಲೆ ಸೋಲುತ್ತದೆ. ಬೆಂಚಿನಿಂದ ಸೂಚನೆ ಬರಬೇಕು, ಅದನ್ನು ಹನ್ನೊಂದು ಜನರಿಗೂ ಮುಟ್ಟಿಸಬೇಕು, ಎದುರಿನವರು ಹೇಗೆ ನಿಂತಿದ್ದಾರೆ ನೋಡಿ ತಾವು ಜಾಗ ಬದಲಿಸಬೇಕು. ಮದುವೆ ಮನೆ ಪಂಕ್ತಿಯಲ್ಲಿ ಕೆಲವರು ಬಡಿಸುತ್ತಾರಲ್ಲ, ಪಲ್ಯ ಮುಟ್ಟುವ ಮೊದಲೇ ಸಾರು, ಸಾರು ಕಲಸುವ ಮೊದಲೇ ಹುಳಿ, ಎಲೆ ಮೇಲೆ ಏನಿದೆ ಅಂತಲೇ ತಿಳಿಯದ ಹಾಗೆ. ನಮ್ಮ ಹುಡುಗರ ಸ್ಥಿತಿ ಅದೇ ಆಗಿತ್ತು. ಒಬ್ಬ ಎಡಕ್ಕೆ ಕೈ ತೋರಿಸುತ್ತಿದ್ದ, ಇನ್ನೊಬ್ಬ ಬಲಕ್ಕೆ. ಎಂಟನೇ ಪ್ಲೇಯಲ್ಲಿ ಪಾಸ್ ಹಿಡಿಯುವ ಒಬ್ಬ ರಿಸೀವರ್‌ನ ಹತ್ತಿರ ಯಾರೂ ಇರಲಿಲ್ಲ. ಟಚ್‌ಡೌನ್, ಅಂದರೆ ಚೆಂಡು ನಮ್ಮ ಕೊನೆ ಗೆರೆ ದಾಟಿ ಅವರಿಗೆ ಅಂಕ.

ಎರಡನೇ ಸಲ ಅವರು ಚೆಂಡು ಹಿಡಿದಾಗ ನಮ್ಮ ಡಿಫೆನ್ಸ್‌ನ ಕಾರ್ನರ್‌ಬ್ಯಾಕ್ ಹುಡುಗ ಮೀನಖಂಡ ಹಿಡಿದು ಕೂತುಬಿಟ್ಟ. ಆಟ ನಿಂತಿತು. ನನ್ನ ಹಿಂದಿನ ಬೆಂಚಿನಿಂದ ಯಾರೋ "ನಾಟಕ!" ಅಂತ ಕೂಗಿದರು. ನನಗೆ ನಿಜಕ್ಕೂ ನೋವಾಯಿತು. ಆ ಹುಡುಗ ನಮ್ಮ ಮನೆಗೆ ಬರುವವನು, ಅವನ ಕಾಲಿನ ಮಾಂಸ ಗಂಟು ಕಟ್ಟಿದ್ದು ನನಗೆ ಕಾಣುತ್ತಿತ್ತು. ಆದರೆ ಅನುಮಾನ ಸುಮ್ನೆ ಹುಟ್ಟಿದ್ದೂ ಅಲ್ಲ. 2010ರಲ್ಲಿ ಒರೆಗಾನ್ ವಿರುದ್ಧ ಆಡುವಾಗ ಕ್ಯಾಲಿಫೋರ್ನಿಯಾ ತಂಡದ ಆಟಗಾರ ಬೇಕಂತಲೇ ಬಿದ್ದ, ಹಾಗೆ ಹೇಳಿಕೊಟ್ಟ ಸಹಾಯಕ ಕೋಚ್‌ನನ್ನು ಅವರ ವಿಶ್ವವಿದ್ಯಾಲಯವೇ ಒಂದು ಪಂದ್ಯಕ್ಕೆ ಹೊರಗಿಟ್ಟಿತು. ಕಡೆಗೆ 2025ರಲ್ಲಿ ಕಾಲೇಜು ಫುಟ್‌ಬಾಲ್‌ಗೆ ಹೊಸ ನಿಯಮ ಬಂತು. ಮುಂದಿನ ಪ್ಲೇಗೆ ಚೆಂಡು ಇಟ್ಟ ಮೇಲೆ ಆಟಗಾರನನ್ನು ನೋಡಲು ವೈದ್ಯಕೀಯ ಸಿಬ್ಬಂದಿ ಒಳಗೆ ಬಂದರೆ ಆ ತಂಡದ ಒಂದು ಟೈಮ್‌ಔಟ್ ಹೋಗುತ್ತದೆ. ನಿಜವಾಗಿ ಕಾಲು ಹಿಡಿದುಕೊಂಡ ಹುಡುಗನೂ ಈಗ ತಂಡದ ಲೆಕ್ಕ ನೋಡಿ ಕೂರಬೇಕು. ಇದು ನನಗೆ ಸರಿ ಕಾಣುವುದಿಲ್ಲ.

ಡಿಫೆನ್ಸ್‌ನವರು ಆಟಗಾರರನ್ನು ಬದಲಾಯಿಸಲಿ, ಮೊದಲ 10 ಸೆಕೆಂಡು ಚೆಂಡು ಹೊರಡಬಾರದು ಅಂತ 2014ರಲ್ಲಿ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದು ಪ್ರಸ್ತಾಪ ಬಂದಿತ್ತು. ಅಲಬಾಮ ವಿಶ್ವವಿದ್ಯಾಲಯದ ಆಗಿನ ಕೋಚ್ ನಿಕ್ ಸೇಬನ್ ಅದರ ಪರವಾಗಿದ್ದರು. ಆಟಗಾರರ ಸುರಕ್ಷತೆಯ ಮಾತು ಬಂತು, ಅದಕ್ಕೆ ಪುರಾವೆ ಎಲ್ಲಿ ಅಂತ ವೇಗದ ಕೋಚ್‌ಗಳು ಕೇಳಿದರು, ಪ್ರಸ್ತಾಪ ಬಿದ್ದುಹೋಯಿತು. ಆಗ ನಾನು ವೇಗದವರ ಪಕ್ಷ. ಚಿಕ್ಕ ಶಾಲೆಗೆ, ದೊಡ್ಡ ಆಟಗಾರರು ಸಿಗದ ತಂಡಕ್ಕೆ ಅದೊಂದೇ ಆಯುಧ ಅಲ್ವಾ? ಈಗಲೂ ಅದರಲ್ಲಿ ನ್ಯಾಯ ಇದೆ ಅನ್ನಿಸುತ್ತದೆ. ಆದರೆ 35 ಡಿಗ್ರಿಯಲ್ಲಿ ಹದಿನೈದರ ಹುಡುಗರಿಗೆ ಆ 10 ಸೆಕೆಂಡು ಕೊಟ್ಟರೆ ಆಟ ಕೆಡುವುದಿಲ್ಲ. ಇದನ್ನು ಯಾರ ಎದುರಿಗೂ ಹೇಳಬಲ್ಲೆ.

ಅರ್ಧ ಸಮಯಕ್ಕೆ 21-7. ನಾವು ಹಿಂದೆ.

ಮೂರನೇ ಕ್ವಾರ್ಟರ್‌ನಲ್ಲಿ ಅದೇ ವೇಗ ಅವರಿಗೇ ತಿರುಗಿತು. ಮೂರು ಪಾಸ್ ಎಸೆದರು, ಮೂರೂ ನೆಲಕ್ಕೆ ಬಿದ್ದವು. ನೆಲಕ್ಕೆ ಬಿದ್ದ ಪಾಸ್‌ಗೆ ಗಡಿಯಾರ ನಿಲ್ಲುತ್ತದೆ, ಹಾಗಾಗಿ ಅರ್ಧ ನಿಮಿಷವೂ ಕಳೆದಿರಲಿಲ್ಲ. ನಾಲ್ಕನೆಯದಕ್ಕೆ ಪಂಟ್ ಮಾಡಿ, ಅಂದರೆ ದೂರಕ್ಕೆ ಒದ್ದು, ಚೆಂಡು ಬಿಟ್ಟುಕೊಟ್ಟರು. ನನ್ನ ಹಿಂದಿನ ಬೆಂಚಿನಲ್ಲಿ ಅವರ ಡಿಫೆನ್ಸ್‌ನ ಒಬ್ಬ ದೊಡ್ಡ ಹುಡುಗ ಆಗಷ್ಟೇ ಹೆಲ್ಮೆಟ್ ತೆಗೆದು ಕತ್ತಿನ ಮೇಲೆ ನೀರು ಸುರಿದುಕೊಳ್ಳುತ್ತಿದ್ದ. "ಪಂಟ್! ಡಿಫೆನ್ಸ್ ಏಳಿ!" ಅಂತ ಕೂಗು ಬಂತು. ಅವನು ತಲೆ ಎತ್ತಿ "ಆಗಲೇನಾ?" ಅಂದ. ಪಕ್ಕದವನೂ ಉತ್ತರ ಕೊಡಲಿಲ್ಲ. ಒದ್ದೆ ಕೂದಲಿನ ಮೇಲೇ ಹೆಲ್ಮೆಟ್ ಒತ್ತಿಕೊಂಡು ಎದ್ದ. ಆ ಮುಖ ಥೇಟ್ ನನ್ನ ಮಗನದ್ದೇ.

ನಮ್ಮ ಕೋಚ್ ಆಗ ಮಾಡಿದ್ದು ಇಷ್ಟೆ: ನಿಧಾನ ಆಡಿಸಿದರು. ಪ್ರತಿ ಪ್ಲೇಗೂ ಗುಂಪುಗೂಡಿಸಿ, ಗಡಿಯಾರ ಓಡಲು ಬಿಟ್ಟು, ಮಧ್ಯದಲ್ಲೇ ನಾಲ್ಕು ಗಜ, ಮೂರು ಗಜ ಅಂತ ಚೆಂಡು ತಳ್ಳಿಸಿದರು. ನಾನು ಕೋಲು ಹೊತ್ತು ನಡೆದುಕೊಂಡೇ ಹೋಗಬಹುದಿತ್ತು. 1991ರ ಜನವರಿಯಲ್ಲಿ, ಎನ್‌ಎಫ್‌ಎಲ್‌ನ ಫೈನಲ್ ಆದ 25ನೇ ಸೂಪರ್ ಬೌಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮಾಡಿದ್ದೂ ಇದನ್ನೇ. ಎದುರಿಗೆ ಬಫಲೋ ಬಿಲ್ಸ್, ಅವರ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿಯ ಗುಂಪುಗೂಡದ ವೇಗದ ಆಟ. ಜೈಂಟ್ಸ್ 60 ನಿಮಿಷದಲ್ಲಿ 40 ನಿಮಿಷ 33 ಸೆಕೆಂಡು ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡರು, 20-19ಕ್ಕೆ ಗೆದ್ದರು. ಚಿಪ್ ಕೆಲ್ಲಿ 2013ರಲ್ಲಿ ಎನ್‌ಎಫ್‌ಎಲ್‌ನ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದಾಗಲೂ ಮೊದಲ ಪಂದ್ಯದ ಮೊದಲರ್ಧದಲ್ಲೇ 53 ಪ್ಲೇ ಆಡಿಸಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಮೂರನೇ ವರ್ಷ ಮುಗಿಯುವ ಮೊದಲೇ ಕೆಲಸ ಹೋಯಿತು. ವೇಗದ ಆಟ ಕೈಕೊಟ್ಟ ದಿನ ದಂಡ ತೆರುವವರು ಸ್ವಂತ ಡಿಫೆನ್ಸ್‌ನ ಹುಡುಗರು. ಟಿವಿ ಅದನ್ನು ಅಷ್ಟಾಗಿ ತೋರಿಸುವುದಿಲ್ಲ. ನಾನು ಆ ಬೆಂಚಿನ ಮುಂದೆ ನಿಂತಿದ್ದರಿಂದ ಕಂಡಿತು.

28-24ಕ್ಕೆ ಸೋತೆವು. ಅವರ 20 ಗಜದ ಗೆರೆ ತನಕ ಹೋದಾಗ ಸಮಯ ಮುಗಿಯಿತು. ಇನ್ನೊಂದು ನಿಮಿಷ ಇದ್ದಿದ್ದರೆ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಅದಾದ ಮುಂದಿನ ತಿಂಗಳು ಟೆನೆಸ್ಸಿ ವಿಶ್ವವಿದ್ಯಾಲಯ ಅದೇ ವೇಗದಿಂದ ಅಲಬಾಮವನ್ನು 52-49ಕ್ಕೆ ಸೋಲಿಸಿತು, ಜನ ಗೋಲ್‌ಪೋಸ್ಟ್ ಕಿತ್ತು ಹೊಳೆಗೆ ಹಾಕಿದರು. ನಾನೂ ಮಗನೂ ಟಿವಿ ಮುಂದೆ ಕೂತು ನೋಡಿದೆವು. ಎಲ್ಲರೂ ಚೆಂಡು ನೋಡುತ್ತಿದ್ದರೆ ನಾವಿಬ್ಬರೂ ಡಿಫೆನ್ಸ್‌ನ ದಪ್ಪ ಹುಡುಗರ ಕೈ ಮಂಡಿ ಮೇಲೆ ಬಂತಾ ಅಂತ ನೋಡುತ್ತಿದ್ದೆವು.

ಆ ಗುರುವಾರ ರಾತ್ರಿ ಕಾರು ಓಡಿಸಿದ್ದು ಹೆಂಡತಿ. ಹಿಂದಿನ ಸೀಟಿನಲ್ಲಿ ಮಗನ ಬಲಗೈ ಬೆರಳುಗಳು ಸೆಟೆದು ಮುದುರಿಕೊಂಡಿದ್ದವು, ಚಮಚ ಹಿಡಿಯಲು ಆಗಲಿಲ್ಲ. ಡಬ್ಬಿಯಲ್ಲಿದ್ದ ಮೊಸರನ್ನಕ್ಕೆ ಒಂದಿಷ್ಟು ಜಾಸ್ತಿ ಉಪ್ಪು ಹಾಕಿ ಕಲಸಿ ನಾನೇ ತಿನ್ನಿಸಿದೆ. ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದ. ಎರಡು ತುತ್ತು ಆದ ಮೇಲೆ ಕೇಳಿದ.

"ಅಪ್ಪ, ನೀನು ಅವರ ಬೆಂಚ್ ಪಕ್ಕಾನೇ ಇದ್ದೆ ಅಲ್ವಾ? ಆ ಪಿಜ್ಜಾ ಬೋರ್ಡ್ ಬಂದಾಗ ಏನು ಆಡ್ತಿದ್ರು?"

ನನಗೆ ಗೊತ್ತಿತ್ತು. ಮೊದಲ ಕ್ವಾರ್ಟರ್ ಮುಗಿಯುವ ಮೊದಲೇ ಗೊತ್ತಾಗಿತ್ತು. ಪಿಜ್ಜಾ ಬಂದರೆ ಓಟ ಎಡಕ್ಕೆ, ಅವನು ನಿಂತಿದ್ದ ಜಾಗವನ್ನು ಒರೆಸಿಕೊಂಡೇ. ಅರ್ಧ ಸಮಯದಲ್ಲಿ ಅವನು ನೀರು ಕುಡಿಯುವಾಗ ಹೋಗಿ ಒಂದು ಮಾತು ಹೇಳಿಬಿಡಲಾ ಅಂತ ನಾಲಿಗೆ ತುದಿಗೆ ಬಂದಿತ್ತು.

"ಚೈನ್ ಹಿಡಿದವರು ಹೇಳಬಾರದು ಮಗಾ," ಅಂದೆ.

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. ಹೂಂ ಅಂತ ತಲೆ ಆಡಿಸಿ ಇನ್ನೊಂದು ತುತ್ತಿಗೆ ಬಾಯಿ ತೆರೆದ.