ಸೈಕಲ್ ಭತ್ಯೆಯಲ್ಲಿ ಬೈಕ್ ಓಡಬೇಕು, ಭಾನುವಾರವೂ ಓಡಬೇಕು

ನಮ್ಮ ಕಡೆ ಊರೆಂದರೆ ಒತ್ತಾಗಿ ಕೂಡಿಕೊಂಡ ಮನೆಗಳಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು ಕೇರಿ, ನಡುವೆ ಹಳ್ಳ, ಹಳ್ಳಕ್ಕೆ ಕಾಲುಸಂಕ. ಬಯಲುಸೀಮೆಯಲ್ಲಿ ಒಂದು ಬೀದಿಯ ಟಪಾಲು ಹಂಚಿ ಮುಗಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಜೋಯಿಡಾ ಕಡೆಯ ಅಂಚೆಯಣ್ಣ ಎರಡನೇ ಮನೆಯ ದಣಪೆ ದಾಟುತ್ತಿರುತ್ತಾನೆ.

ಈ ಕೆಲಸ ಗ್ರಾಮೀಣ ಡಾಕ್ ಸೇವಕರದು, ಅಂದರೆ ಹಳ್ಳಿ ಅಂಚೆಯ ನೌಕರರದು. ಕಾಗದದ ಮೇಲೆ ದಿನಕ್ಕೆ ನಾಲ್ಕೋ ಐದೋ ತಾಸು. 2018ರ ಜುಲೈ 1ರಿಂದ ಜಾರಿಯಾದ ಲೆಕ್ಕದಂತೆ ಟಪಾಲು ಹಂಚುವವರ ಆರಂಭಿಕ ಮೂಲ ಭತ್ಯೆ ನಾಲ್ಕು ತಾಸಿಗೆ ತಿಂಗಳಿಗೆ 10,000 ರೂಪಾಯಿ, ಐದು ತಾಸಿಗೆ 12,000. ಮೇಲೆ ತುಟ್ಟಿಭತ್ಯೆ. ವಾಹನ ಮಾತ್ರ ಅವರದೇ. ಅದಕ್ಕೆಂದು ಸಿಗುವುದು ಸೈಕಲ್ ಇಟ್ಟುಕೊಳ್ಳುವ ಭತ್ಯೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ 25 ಕಿ.ಮೀ. ಸುತ್ತು ಎಂದರೆ 26 ದಿನಕ್ಕೆ 650 ಕಿ.ಮೀ. ಹೊರೆ ಹೊತ್ತು ಏರು ಹತ್ತುವ 100 ಸಿಸಿ ಬೈಕು ಲೀಟರಿಗೆ 45 ಕೊಟ್ಟರೆ ಪುಣ್ಯ. ಹದಿನಾಲ್ಕೂವರೆ ಲೀಟರ್ ಪೆಟ್ರೋಲು, ಲೀಟರಿಗೆ ನೂರರ ಮೇಲೆ, ಅಲ್ಲಿಗೆ ಸಾವಿರದ ಐನೂರು ಹೋಯಿತು. ಟಯರು, ಚೈನು, ಬ್ರೇಕ್ ಶೂ, ಆಯಿಲ್ ಇದರಲ್ಲಿ ಸೇರಿಲ್ಲ.

ಯಾವ ಗಾಡಿ ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ. ಕರಾವಳಿಯ ಸಮತಟ್ಟಿನಲ್ಲಿ ಸ್ಕೂಟರ್ ಅನುಕೂಲ, ಕಾಲ ಬಳಿ ಚೀಲ ಕೂರುತ್ತದೆ. ಘಟ್ಟದ ಬುಡದ ಊರುಗಳಿಗೆ ಅದು ಬೇಡ ಎಂದೇ ಹೇಳುತ್ತೇನೆ. ಸ್ಕೂಟರಿನಲ್ಲಿ ಗೇರಿಲ್ಲ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆ, ಇಡೀ ಭಾರ ಬ್ರೇಕಿನ ಮೇಲೆ. ಡ್ರಮ್ ಕಾದರೆ ಬ್ರೇಕ್ ಹಿಡಿಯುವುದೇ ಇಲ್ಲ. ಗೇರಿನ ಬೈಕಾದರೆ ಏರುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕು. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೋಗಬಾರದು.

ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ತಿನ್ನುವುದು ಜಂಬಿಟ್ಟಿಗೆಯ ಕೆಂಪು ರಾಡಿ. ಮಳೆ ಚೈನಿನ ಎಣ್ಣೆ ತೊಳೆಯುತ್ತದೆ, ರಾಡಿಯೊಳಗಿನ ಮರಳು ಹಲ್ಲುಚಕ್ರ ಸವೆಸುತ್ತದೆ. ಆ ನಾಲ್ಕು ತಿಂಗಳು 300 ಕಿ.ಮೀ.ಗೊಮ್ಮೆ ಚೈನನ್ನು ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತಿಕ್ಕಿ, ಒರೆಸಿ, ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಬಿಡಬೇಕು. ಒದ್ದೆ ಚೈನಿಗೆ ಆಯಿಲ್ ಬಿಟ್ಟರೆ ನೀರು ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಚೈನಿನ ಸಡಿಲ 20ರಿಂದ 30 ಮಿಲಿಮೀಟರ್ ಇದ್ದರೆ ಸರಿ. ಪೂರ್ತಿ ಬಿಗಿದರೆ ಹೊರೆ ಹೇರಿದಾಗ ಬೇರಿಂಗಿಗೆ ಪೆಟ್ಟು.

ಹಳ್ಳ ದಾಟಿದ ಮೇಲೆ ಬ್ರೇಕನ್ನು ನಂಬಬೇಡಿ. ನಿಧಾನವಾಗಿ ಹೋಗುತ್ತ ಹಗುರವಾಗಿ ಒತ್ತಿಹಿಡಿದರೆ ಶೂ ಒಣಗುತ್ತದೆ. ಮಳೆಗಾಲದಲ್ಲಿ ಎರಡು ಸಲವಾದರೂ ಡ್ರಮ್ ಬಿಚ್ಚಿ ಕೆಸರು ತೆಗೆಸಬೇಕು. ನೀರಿನ ನಡುವೆ ಎಂಜಿನ್ ನಿಂತರೆ ಕಿಕ್ ಹೊಡೆಯುವುದು ಬೇಡವೇ ಬೇಡ. ದಡಕ್ಕೆ ತಳ್ಳಿ, ಏರ್ ಫಿಲ್ಟರ್ ಬಿಚ್ಚಿ ನೋಡಿ. ಅದು ಒದ್ದೆಯಾಗಿದ್ದರೆ ಪ್ಲಗ್ ತೆಗೆದು ನಾಲ್ಕಾರು ಸಲ ಕಿಕ್ ಮಾಡಿ ನೀರು ಹೊರಹಾಕಿದ ಮೇಲೆಯೇ ಚಾಲೂ ಮಾಡಬೇಕು. ಇಲ್ಲವಾದರೆ ಕನೆಕ್ಟಿಂಗ್ ರಾಡ್ ಬಾಗಿ ಸಾವಿರಾರು ರೂಪಾಯಿಯ ಕೆಲಸ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಮರ ಬಿದ್ದು ಗಾಡಿ ಜಖಂ ಆದರೂ ಒಂದು ಪೈಸೆ ಬರುವುದಿಲ್ಲ.

ಈಗ ಹೊರೆಯ ಸ್ವರೂಪವೇ ಬೇರೆ. ಸ್ಪೀಡ್ ಪೋಸ್ಟ್ ಪಾರ್ಸೆಲ್ 35 ಕಿಲೋವರೆಗೆ ಬುಕ್ ಆಗುತ್ತದೆ. ಅಷ್ಟು ಭಾರವನ್ನು ಕ್ಯಾರಿಯರಿನ ತುದಿಗೆ ಕಟ್ಟಿದರೆ ಏರಿನಲ್ಲಿ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಭಾರದ್ದು ಕೆಳಗೆ, ಸೀಟಿಗೆ ತಾಗಿಕೊಂಡು ಇರಬೇಕು, ಹಗುರದ್ದು ಮೇಲೆ. ಕಟ್ಟಲು ಹಗ್ಗಕ್ಕಿಂತ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಒಳ್ಳೆಯದು, ಒದ್ದೆಯಾದರೂ ಸಡಿಲವಾಗದು. ಮೊದಲು ಗೊಬ್ಬರದ ಚೀಲದ ಒಳಪ್ಲಾಸ್ಟಿಕ್, ಮೇಲೆ ಸಿಲ್ಪಾಲಿನ್.

ಮನೆ ಬಾಗಿಲಲ್ಲಿ ಇನ್ನೊಂದು ತೊಡಕು. ಜನರ ಖಾತೆಯ ಹಣವನ್ನು ಆಧಾರ್ ಮೂಲಕ ಕೊಡುವಾಗ ಬೆರಳಚ್ಚು ಕೂಡುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಹೆಬ್ಬೆರಳು, ತೋರುಬೆರಳಿನ ಗೆರೆ ಸವೆದು ಕರೆ ಹಿಡಿದಿರುತ್ತದೆ. ಕೈ ತೊಳೆಸಿ, ಒರೆಸಿ, ಉಂಗುರಬೆರಳು ಇಡಿಸಿದರೆ ಹಲವು ಸಲ ಆಗುತ್ತದೆ. ಇಷ್ಟಕ್ಕೆಲ್ಲ ನೆಟ್‌ವರ್ಕ್ ಬೇಕು. ಕೇರಿಯಲ್ಲಿ ಸಿಗ್ನಲ್ ಇಲ್ಲದೆ ಗುಡ್ಡದ ನೆತ್ತಿಗೆ ಹೋಗಿ ಬರುವ ಹೊತ್ತು ಯಾವ ನಾಲ್ಕು ತಾಸಿನಲ್ಲೂ ಲೆಕ್ಕಕ್ಕೆ ಬಂದಿಲ್ಲ.

ರಸ್ತೆ ಕಡಿದರಂತೂ ಕೇಳುವುದೇ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು, ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಬಿತ್ತು. ಹೆದ್ದಾರಿಯ ಸುದ್ದಿ ಎಲ್ಲರಿಗೂ ತಿಳಿಯುತ್ತದೆ. ಒಳದಾರಿಯ ಸಂಕ ಕೊಚ್ಚಿಹೋದರೆ ತಿಳಿಯುವುದು ಅಂಚೆಯಣ್ಣನಿಗೆ, ಅವನ ಸುತ್ತು ಎರಡು ಪಟ್ಟಾಗುತ್ತದೆ.

ಇಷ್ಟರ ಮೇಲೆ ಭಾನುವಾರ. ಶನಿವಾರ ಹೇಗೂ ಪೂರ್ತಿ ಕೆಲಸದ ದಿನ. 2022ರ ಆಗಸ್ಟ್‌ನಲ್ಲಿ ಬಾವುಟ ಮಾರಲು ಸ್ವಾತಂತ್ರ್ಯೋತ್ಸವಕ್ಕೆ ಮುಂಚಿನ ರಜಾದಿನಗಳಲ್ಲೂ ಅಂಚೆ ಕಚೇರಿ ತೆರೆದಿತ್ತು, ಅದಕ್ಕೊಂದು ಪ್ರಕಟಿತ ಆದೇಶವಿತ್ತು. ತಕರಾರು ಇರುವುದು ವಾಟ್ಸಾಪಿನಲ್ಲಿ ಬರುವ ಭಾನುವಾರಗಳ ಬಗ್ಗೆ: ಖಾತೆ ತೆರೆಯುವ ಮೇಳ, ಗ್ರಾಮೀಣ ಅಂಚೆ ಜೀವ ವಿಮೆಯ ಗುರಿ, ಉಳಿದ ಪಾರ್ಸೆಲ್. ಆದೇಶದ ಪ್ರತಿ ಇಲ್ಲದ ಮೇಲೆ ಬದಲಿ ರಜೆ ಕೇಳಲು ಆಧಾರವಿಲ್ಲ, ದಾರಿಯಲ್ಲಿ ಬಿದ್ದರೆ ಕೆಲಸದ ಮೇಲಿದ್ದೆ ಎಂದು ತೋರಿಸಲೂ ದಾಖಲೆಯಿಲ್ಲ. ವರ್ಷಕ್ಕೆ 20 ದಿನ ಸಂಬಳದ ರಜೆ ಇದೆ, ನಿಜ. ಆದರೆ ಹಲವು ಸಲ ರಜೆ ಹಾಕುವವರೇ ಬದಲಿ ಆಳನ್ನು ಹುಡುಕಬೇಕು, ಅವನು ತಪ್ಪು ಮಾಡಿದರೆ ಹೊಣೆಯೂ ಇವರದೇ. ಈ ನೌಕರರು ಸರ್ಕಾರದ ನಾಗರಿಕ ಹುದ್ದೆಯಲ್ಲಿರುವವರೇ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಹಾಗಿರುವಾಗ ರಜಾದಿನದ ಕೆಲಸಕ್ಕೆ ಒಂದು ಸಹಿ ಮಾಡಿದ ಕಾಗದ ಕೇಳುವುದು ಉದ್ಧಟತನವಲ್ಲ.

ಭಾನುವಾರ ಕರೆದರೆ ಬರುತ್ತೇನೆ ಎಂದೇ ಉತ್ತರಿಸಿ, ಜೊತೆಗೆ ಲಿಖಿತ ಆದೇಶ ಕಳಿಸಿ ಎಂದು ಅದೇ ಸಂದೇಶದಲ್ಲಿ ಬರೆಯಿರಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹೊರಟ ಹೊತ್ತು, ಬಂದ ಹೊತ್ತು, ಮೀಟರಿನ ಎರಡೂ ಅಂಕಿ, ಹೋದ ಕೇರಿಗಳ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಅದೇ ದಿನ ಬರೆದಿಡಿ. ಪೆಟ್ರೋಲ್ ಚೀಟಿಯ ಶಾಯಿ ಮಳೆಗಾಲದಲ್ಲಿ ಬೇಗ ಅಳಿಸಿಹೋಗುತ್ತದೆ, ಫೋಟೋ ತೆಗೆದಿಡಿ. ಮುಂದೆ ಸುತ್ತಿನ ದೂರ ಮರು ಅಳತೆ ಮಾಡಿಸಲು ಅರ್ಜಿ ಹಾಕುವಾಗ ಮೂರು ತಿಂಗಳ ಇಂಥ ಲೆಕ್ಕವನ್ನು ಜೊತೆಗಿಡಿ, ಅದರಲ್ಲಿ ಒಂದಾದರೂ ಮಳೆಗಾಲದ ತಿಂಗಳಿರಲಿ.