"ಕೊಂಡ ಕ್ಯಾಸೆಟ್ ಮಾತ್ರ" ಎಂದಿದ್ದರು ಅವರು

ಹಳೆಯ ಟೇಪ್ ರೆಕಾರ್ಡರ್ ರಿಪೇರಿ ಮಾಡುವುದು ನನ್ನ ಕೆಲಸ. ಆಗಾಗ ಹಳೆಯ ಹೋಮ್ ಕಂಪ್ಯೂಟರ್‌ಗಳ ಕ್ಯಾಸೆಟ್ ರೆಕಾರ್ಡರ್‌ಗಳೂ ಬರುತ್ತವೆ. ಒಮ್ಮೆ ಒಬ್ಬರು ಕಮಡೋರ್ 64 ಎಂಬ ಕಂಪ್ಯೂಟರಿನ ಡೇಟಾಸೆಟ್, ಅಂದರೆ ಪ್ರೋಗ್ರಾಂಗಳನ್ನು ಕ್ಯಾಸೆಟ್‌ನಲ್ಲಿ ಉಳಿಸಿ ಓದುವ ರೆಕಾರ್ಡರ್ ತಂದರು, 1530 ಮಾಡೆಲ್. "ಕೊಂಡ ಕ್ಯಾಸೆಟ್ ಮಾತ್ರ ಲೋಡ್ ಆಗ್ತಿಲ್ಲ, ನೋಡಿ" ಎಂದರು. ನಾನು ಕಾರ್ಡಿನಲ್ಲಿ "ಕ್ಯಾಸೆಟ್ ಲೋಡ್ ಆಗುತ್ತಿಲ್ಲ" ಎಂದು ಬರೆದುಕೊಂಡೆ. ಎರಡು ಪದ ಬಿಟ್ಟುಹೋಗಿದ್ದವು. ಆ ಎರಡು ಪದಗಳಲ್ಲೇ ಎಲ್ಲಾ ಇತ್ತು.

ಬಿಚ್ಚಿ ನೋಡಿದೆ. ಬೆಲ್ಟ್ ಸಡಿಲವಾಗಿತ್ತು, ಬದಲಿಸಿದೆ. ಟೇಪ್ ಓದುವ ಹೆಡ್ ಮತ್ತು ಟೇಪನ್ನು ಒತ್ತಿ ಓಡಿಸುವ ಪಿಂಚ್ ರೋಲರ್ ಮೇಲೆ ಕಂದು ಪುಡಿ ಕೂತಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ರೆಕಾರ್ಡ್ ಸ್ವಿಚ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹತ್ತಿಪ್ಪತ್ತು ಸಲ ಆಡಿಸಿದೆ. 3000 ಹರ್ಟ್ಸ್ ಟೆಸ್ಟ್ ಟೇಪ್ ಹಾಕಿ ವೇಗ ನೋಡಿದೆ, ಸರಿಯಾಗಿತ್ತು. ಅಷ್ಟಾದರೂ ಆಟದ ಕ್ಯಾಸೆಟ್ ಲೋಡ್ ಆಗಲಿಲ್ಲ. ಲೋಡ್ ಎರರ್.

ಉಳಿದದ್ದು ಹೆಡ್‌ನ ಓರೆ, ಅಂದರೆ ಅಜಿಮತ್. ಹೆಡ್‌ನಲ್ಲಿರುವ ಸಣ್ಣ ಸೀಳು ಟೇಪ್ ಓಡುವ ದಿಕ್ಕಿಗೆ ನೇರ ಅಡ್ಡವಾಗಿರಬೇಕು. ಅದನ್ನು ಸರಿಮಾಡಲು ಹೆಡ್‌ನ ಒಂದು ಪಕ್ಕದಲ್ಲಿ ಸ್ಪ್ರಿಂಗ್ ಮೇಲೆ ಕೂತ ಸ್ಕ್ರೂ ಇರುತ್ತದೆ. ಇದರಲ್ಲಿ ಆ ಸ್ಕ್ರೂ ಮೇಲಿನ ಬಣ್ಣದ ಸೀಲ್ ಒಡೆದಿತ್ತು. ನೋಡಿದೆ, ಆದರೆ ಯಾಕೆ ಒಡೆದಿದೆ ಎಂದು ಕೇಳಲಿಲ್ಲ. ಸ್ಕ್ರೂ ಎಲ್ಲಿತ್ತು ಎಂದು ಗುರುತೂ ಹಾಕಿಕೊಳ್ಳದೆ ತಿರುಗಿಸಿದೆ. ಮುಕ್ಕಾಲು ಸುತ್ತು ತಿರುಗಿಸಿದಾಗ ಆಟ ಲೋಡ್ ಆಯಿತು. ಇನ್ನೂ ಮೂರು ಆಟ ಹಾಕಿ ನೋಡಿದೆ, ಎಲ್ಲವೂ ಓಡಿದವು. ಸಂತೋಷದಿಂದ ಕೊಟ್ಟು ಕಳಿಸಿದೆ.

ಎರಡು ದಿನಕ್ಕೆ ಅವರು ವಾಪಸ್ ಬಂದರು. ಕೈಯಲ್ಲಿ ಒಂದು ಡಬ್ಬಿ, ಅದರಲ್ಲಿ 23 ಕ್ಯಾಸೆಟ್. ಚಿಕ್ಕವರಿದ್ದಾಗ ಅವರೂ ಅವರ ಅಣ್ಣನೂ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಇದೇ ಡೇಟಾಸೆಟ್‌ನಲ್ಲಿ ಉಳಿಸಿದ ಪ್ರೋಗ್ರಾಂಗಳು. "ಇವು ಮೊದಲು ಲೋಡ್ ಆಗ್ತಿದ್ವು. ಈಗ ಒಂದೂ ಆಗ್ತಿಲ್ಲ" ಎಂದರು. ಕೋಪ ಇರಲಿಲ್ಲ, ಭಯ ಇತ್ತು. ನನಗೂ ಹೊಟ್ಟೆಯಲ್ಲಿ ಕಲಸಿದಂತಾಯಿತು. ಆಗ ಕೇಳಿದೆ, ಆ ಸ್ಕ್ರೂ ಯಾರಾದರೂ ಮುಟ್ಟಿದ್ದರಾ ಎಂದು. ಗೆಳೆಯರು ಕೊಟ್ಟ ಒಂದು ಕ್ಯಾಸೆಟ್ ಓಡಿಸಲು ಅಣ್ಣ ತಿರುಗಿಸಿದ್ದರಂತೆ. ಆಮೇಲಿನ ರೆಕಾರ್ಡಿಂಗ್ ಎಲ್ಲಾ ಓರೆಯಾದ ಹೆಡ್‌ನಲ್ಲೇ ಆಗಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು. ಕಮಡೋರ್ ತನ್ನ ಡೇಟಾವನ್ನು ಮೂರು ಉದ್ದದ ಪಲ್ಸ್‌ಗಳಲ್ಲಿ ಬರೆಯುತ್ತದೆ: ಸುಮಾರು 350, 510 ಮತ್ತು 670 ಮೈಕ್ರೋಸೆಕೆಂಡ್. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹಾಗಾಗಿ ಸಣ್ಣ ಪಲ್ಸ್‌ಗೆ ಟೇಪ್ ಮೇಲೆ ಸಿಗುವ ಜಾಗ ಬರೀ 0.017 ಮಿಲಿಮೀಟರ್. ಟೇಪ್ ಮೇಲೆ ಡೇಟಾ ಬರೆಯುವ ಪಟ್ಟಿಯ, ಅಂದರೆ ಟ್ರ್ಯಾಕ್‌ನ ಅಗಲವೋ ಸುಮಾರು ಒಂದೂವರೆ ಮಿಲಿಮೀಟರ್. ಹೆಡ್ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ವಾಲಿದರೆ ಸಾಕು, ಮೇಲಿನ ಅಂಚು ಒಂದು ಪಲ್ಸ್ ಓದುವಾಗ ಕೆಳಗಿನ ಅಂಚು ಪಕ್ಕದ ಪಲ್ಸ್ ಓದುತ್ತಿರುತ್ತದೆ. ಎರಡೂ ಸೇರಿ ಸಿಗ್ನಲ್ ಅಳಿಸಿಹೋಗುತ್ತದೆ. ಕಂಪ್ಯೂಟರ್ ನೋಡುವುದು ಪಲ್ಸ್‌ಗಳ ನಡುವಿನ ಸಮಯವನ್ನು ಮಾತ್ರ. ಒಂದು ಪಲ್ಸ್ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ವೇಗದ ವ್ಯತ್ಯಾಸವನ್ನಾದರೆ ಅದು ಶುರುವಿನ ಲೀಡರ್ ಸಿಗ್ನಲ್ ಕೇಳಿ ಒಂದಿಷ್ಟು ಹೊಂದಿಸಿಕೊಳ್ಳುತ್ತದೆ. ಓರೆಗೆ ಅದರ ಹತ್ತಿರ ಮದ್ದಿಲ್ಲ.

ಓರೆ ಹೆಡ್ ಬರೆದದ್ದನ್ನು ಅದೇ ಓರೆ ಹೆಡ್ ಸರಿಯಾಗಿ ಓದುತ್ತದೆ. ನೇರ ಹೆಡ್‌ನಲ್ಲಿ ಬರೆದ, ಕೊಂಡ ಕ್ಯಾಸೆಟ್ ಮಾತ್ರ ಓದುವುದಿಲ್ಲ. ಅವರು ಮೊದಲ ದಿನವೇ ಹೇಳಿದ್ದು ಇದನ್ನೇ, ಅಲ್ವಾ?

ಸ್ಕ್ರೂ ಹಿಂದಕ್ಕೆ ತಿರುಗಿಸೋಣ ಎಂದರೆ ಹಳೆಯ ಜಾಗ ಗೊತ್ತಿಲ್ಲ. ಆ ರಾತ್ರಿ ನಿದ್ದೆ ಸರಿ ಬರಲಿಲ್ಲ. ಬೆಳಿಗ್ಗೆ ಹೊಳೆಯಿತು: ನಾನು ಹಾಕದ ಗುರುತು ಆ ಕ್ಯಾಸೆಟ್‌ಗಳ ಮೇಲೇ ಇದೆ. ಯಾವ ಓರೆಯಲ್ಲಿ ಬರೆದರೋ ಅದೇ ಓರೆಯಲ್ಲಿ ಓದಿದಾಗ ಮಾತ್ರ ಸದ್ದು ಚುರುಕಾಗಿರುತ್ತದೆ.

ಡೇಟಾಸೆಟ್‌ಗೆ ಸ್ಪೀಕರ್ ಇಲ್ಲ, ಹೆಡ್‌ಫೋನ್ ಜಾಕ್ ಕೂಡ ಇಲ್ಲ. ಅದನ್ನು ಮುಟ್ಟದೆ ಪಕ್ಕಕ್ಕಿಟ್ಟೆ. ನಮ್ಮಲ್ಲಿದ್ದ ಒಂದು ಸಾಮಾನ್ಯ ಸ್ಟೀರಿಯೋ ಡೆಕ್ ತೆಗೆದುಕೊಂಡು ಈ ಸಲ ಮೊದಲು ಅದರ ಸ್ಕ್ರೂಗೆ ಗುರುತು ಹಾಕಿದೆ. ಎಡ ಬಲ ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳಿದೆ. ಓರೆ ಇದ್ದರೆ ಮೋನೋದಲ್ಲಿ ಬೇಗ ಗೊತ್ತಾಗುತ್ತದೆ, ಸದ್ದು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಒಂದು ಜಾಗದಲ್ಲಿ ಆ ಮಂಕು ಹರಿದು ಸದ್ದು ಕೀರಲಾಗಿ, ಸ್ಪಷ್ಟವಾಗಿ ಬಂತು. ಅಲ್ಲೇ ನಿಲ್ಲಿಸಿದೆ.

23 ಕ್ಯಾಸೆಟ್‌ಗಳನ್ನೂ ಎರಡೂ ಬದಿ ಕಂಪ್ಯೂಟರಿಗೆ ಆಡಿಯೋ ಆಗಿ ಇಳಿಸಿಕೊಂಡೆ. ಮೂರು ಸಂಜೆ ಹಿಡಿಯಿತು. ಅದನ್ನು ಟ್ಯಾಪ್ ಫೈಲ್, ಅಂದರೆ ಪಲ್ಸ್‌ಗಳ ಉದ್ದವನ್ನು ಬರೆದಿಡುವ ಫೈಲ್ ಮಾಡಿ, ನೇರವಾದ ಡೇಟಾಸೆಟ್‌ನಲ್ಲಿ ಹೊಸ ಕ್ಯಾಸೆಟ್‌ಗಳಿಗೆ ಉಳಿಸಿದೆ. ಕಮಡೋರ್ ತನ್ನ ಮಾಮೂಲಿ ವಿಧಾನದಲ್ಲಿ ಪ್ರತಿ ಪ್ರೋಗ್ರಾಂ ಅನ್ನು ಎರಡು ಸಲ ಬರೆಯುವುದರಿಂದ, ಕೆಲವು ಕಡೆ ಮೊದಲ ಪ್ರತಿ ಕೆಟ್ಟಿದ್ದರೂ ಎರಡನೆಯದು ಕೈಹಿಡಿಯಿತು. ಎರಡು ಕ್ಯಾಸೆಟ್ ಉಳಿಯಲಿಲ್ಲ, ಟೇಪಿನ ಲೇಪನವೇ ಉದುರಿತ್ತು. ಅದು ನನ್ನಿಂದಾದದ್ದಲ್ಲ. ಆದರೂ ಹೇಳುವಾಗ ನಾಲಿಗೆ ತಡವರಿಸಿತು.

ಈಗ ನಮ್ಮ ಕಾರ್ಡಿನಲ್ಲಿ ದೂರಿನ ಸಾಲು ಅವರು ಹೇಳಿದ ಮಾತಿನಲ್ಲೇ ಇರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು: "ಯಾವ ಕ್ಯಾಸೆಟ್ ಸರಿಯಾಗಿ ಲೋಡ್ ಆಗುತ್ತಿದೆ?" ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸ್ಕ್ರೂ ತಲೆಗೂ ಪಕ್ಕದ ತಗಡಿಗೂ ಸೇರಿಸಿ ಒಂದು ಬಿಳಿ ಗೆರೆ ಎಳೆಯುತ್ತೇನೆ.

ಹೊಸ ಕ್ಯಾಸೆಟ್ ಒಯ್ಯಲು ಬಂದಾಗ ಅವರು ಅಲ್ಲೇ ಒಂದನ್ನು ಲೋಡ್ ಮಾಡಿ, ಪ್ರೋಗ್ರಾಂನ ಸಾಲುಗಳನ್ನು ತೋರಿಸುವ ಲಿಸ್ಟ್ ಆದೇಶ ಕೊಟ್ಟರು. ಮೊದಲ ಸಾಲಿನಲ್ಲಿ ಅಣ್ಣ ತಮ್ಮ ಇಬ್ಬರ ಹೆಸರಿತ್ತು. ಆ ಪರದೆಯ ಫೋಟೋ ತೆಗೆದು ಅಣ್ಣನಿಗೆ ಕಳಿಸಿದರು.